ಬಿಂಬುಳಿ

ಬೋಳಾರದ ನಮ್ಮ ಮನೆಯ ಬಚ್ಚಲಲ್ಲಿ
ಇಪ್ಪತ್ತೇಳು ವರ್ಷ ಗೋಡೆ ಕಚ್ಚಿಕೊಂಡಿದ್ದ ಗೀಸರು
ಈಗ ಸ್ವಿಚ್ಚು ಹಾಕಿದರೆ ಮೊದಲು ಗೊಣಗುತ್ತದೆ,
ಆಮೇಲೆ ಒಳಗೆ ಯಾರೋ ಕಡಲೆ ಹುರಿದ ಸದ್ದು,
ಮುಕ್ಕಾಲು ಗಂಟೆಗೆ ಒಂದು ಬಕೆಟ್ಟು,
ಅದೂ ಉಗುರು ಬೆಚ್ಚಗೆ.

ಮಗಳಿಗೆ ಡಾಕ್ಟರು ಕೊಟ್ಟ ತಾರೀಕಿಗೆ ಹನ್ನೊಂದು ದಿನ.
ಬಾಣಂತಿ ಮೀಯಿಸುವ ಕಲ್ಯಾಣಿಯಕ್ಕ
ಮುಂಚಿತವಾಗಿಯೇ ಬಂದು, ನಲ್ಲಿಗೆ ಕೈಯೊಡ್ಡಿ
ಹೇಳಿದ್ದು ಇಷ್ಟೆ:
"ಇದು ಬಿಸಿನೀರಲ್ಲ, ಜ್ವರ ಬಿಟ್ಟವನ ಬೆವರು."

ಸಿಲ್ವೆಸ್ಟರ್ ಬಂದ. ನಾಲ್ಕು ಬೋಲ್ಟು ಬಿಚ್ಚಿ
ಹಳೆ ಬನಿಯನು ಸುತ್ತಿದ ಕೈಯಲ್ಲಿ ಕಾಯಿಲು ಎಳೆದ.
ಬಂದದ್ದು ಕಾಯಿಲಲ್ಲ,
ಅಳಿವೆಯ ಕಲ್ಲಿಗೆ ಕಚ್ಚಿದ ಚಿಪ್ಪಿನ ಹಾಗೆ
ಪದರ ಪದರ ಬಿಳಿ.
"ಎಪ್ರಿಲ್ ಬಂತಂದ್ರೆ ನಿಮ್ಮ ಬೋರಿಗೆ ಸಮುದ್ರವೇ ಬರ್ತದೆ ಮಾರಾಯ್ರೆ,
ಇದು ನೀವೆಲ್ಲ ಮಿಂದು ಉಳಿಸಿದ್ದು.
ವೀಳ್ಯಕ್ಕೆ ಹಚ್ಚಬಹುದು."

ಕ್ಲೀನ್ ಮಾಡಿದರೆ ಎಂಟುನೂರು, ಗ್ಯಾರಂಟಿ ಕೇಳಬಾರದು.
ಹೊಸತಿಗೆ ಒಂಬತ್ತು ಸಾವಿರದ ಇನ್ನೂರು,
ಹಳತನ್ನು ಗುಜರಿಯವ ತೂಗಿ ಹೇಳುತ್ತಾನೆ.
ಕರೆಂಟು ಬಿಲ್ಲಿನ ಬೆನ್ನಿಗೆ ಬರೆದು ಗೆರೆ ಎಳೆದೆ.
ಬಂದರಿನ ಮಂಡಿಯಲ್ಲಿ ಮೂವತ್ತೊಂದು ವರ್ಷ
ಬಂಗುಡೆ ಬೂತಾಯಿಯ ಲೆಕ್ಕ ಬರೆದ ಕೈ,
ಕೂಡುವಾಗ ಸಲೀಸು,
ಕಳೆಯುವಲ್ಲಿ ನಿಂತಿತು.
ಭಾವ ಫೋನಿನಲ್ಲಿ ಐದು ನಕ್ಷತ್ರ, ಐದು ನಕ್ಷತ್ರ ಎಂದ.
ಜಲಜಾಕ್ಷಿ ಬಾಗಿಲಿಗೆ ಒರಗಿ,
"ಗೋಡೆಯಲ್ಲಿ ಆ ಜಾಗ ಮಾತ್ರ ಬೇರೆ ಬಣ್ಣ ಕಾಣ್ತದಲ್ಲ" ಎಂದಳು.

ಇನ್ನೊಂದು ವಸ್ತು ತೋರಿಸಿದ ಸಿಲ್ವೆಸ್ಟರ್:
ಒಂದು ಕಡ್ಡಿ. ಹೆಬ್ಬೆರಳ ದಪ್ಪ ಇದ್ದದ್ದಂತೆ,
ಈಗ ಊದುಬತ್ತಿ.
"ಇದನ್ನು ಇಡುದೇ ಕರಗಲಿಕ್ಕೆ.
ಇದಿರುವ ತನಕ ತುಕ್ಕು ಟ್ಯಾಂಕಿಗೆ ಬಾಯಿ ಹಾಕುದಿಲ್ಲ."
ನಾನದನ್ನು ಅಂಗಿಯ ಕಿಸೆಗೆ ಹಾಕಿಕೊಂಡೆ.
ಯಾಕೆಂದು ಯಾರೂ ಕೇಳಲಿಲ್ಲ.

"ಆಸಿಡ್ ಗೀಸಿಡ್ ಬೇಡ, ಮಗು ಮೀಯುವ ನೀರು" –
ಕಲ್ಯಾಣಿಯಕ್ಕ ಹಿತ್ತಿಲಿಗೆ ಹೋದಳು.
ಬುಡದಲ್ಲಿ ಉದುರಿ ಕೊಳೆಯುತ್ತಿದ್ದ ಬಿಂಬುಳಿ
ಸೆರಗು ತುಂಬ ತಂದು, ಒರಳಲ್ಲಿ ಜಜ್ಜಿ, ಹಿಂಡಿ,
ಟ್ಯಾಂಕಿಗೆ ಅರ್ಧ, ಕಾಯಿಲಿನ ಬಕೆಟ್ಟಿಗೆ ಅರ್ಧ.
ಸಿಲ್ವೆಸ್ಟರ್ ನಕ್ಕ, ಸ್ಕೂಟರು ಹತ್ತಿದ.
ರಾತ್ರಿ ನಿದ್ದೆ ಬಾರದೆ ಬಚ್ಚಲ ಮಣೆಯಲ್ಲಿ ಕೂತೆ.
ಮುಚ್ಚಳ ತೆಗೆದು ಮರೆತ ಸೋಡಾ ಬಾಟಲಿಯಂತೆ
ಸಣ್ಣಗೆ, ಬಿಡದೆ, ಏನೋ ಮಾತು.
ಯಾವ ವರ್ಷದ್ದು ಈಗ ಕರಗುತ್ತಿದೆ,
ಮಗಳು ಶಾಲೆಗೆ ತಡವಾಗಿ ಅಳುತ್ತ ಮಿಂದದ್ದೋ,
ಅಮ್ಮನ ಕೊನೆಯ ಸ್ನಾನದ್ದೋ –
ಲೆಕ್ಕ ಇಟ್ಟಿರಲಿಲ್ಲ.

ಬೆಳಿಗ್ಗೆ ಬಕೆಟ್ಟಿನಡಿ ಬಿಳಿ ಕೆಸರು,
ಮೇಲೆ ಹೊಸ ಪೈಸೆಯಂತೆ ಕೆಂಪು ತಾಮ್ರ.
ಎಲ್ಲರೂ ಬಚ್ಚಲಲ್ಲಿ ಸೇರಿದೆವು, ಹೊಟ್ಟೆ ಹಿಡಿದು ಮಗಳೂ.
ಸಿಲ್ವೆಸ್ಟರ್ ಜೋಡಿಸಿ, ನೀರು ಬಿಟ್ಟ.
ಆಗ ಟ್ಯಾಂಕಿನ ಕೆಳಬದಿಯಿಂದ
ಕೂದಲಿಗಿಂತ ತೆಳು ಒಂದು ಎಳೆ,
ಎದುರಿನ ಗೋಡೆಯ ತನಕ.
"ನೋಡಿದ್ರಾ? ಇಷ್ಟು ಕಾಲ ತೂತು ಮುಚ್ಚಿ ಹಿಡಿದದ್ದು ಆ ಸುಣ್ಣವೇ!"
ಹೆಬ್ಬೆರಳು ಒತ್ತಿ ಹಿಡಿದು ನಿಂತ, ಅಂಗಿ ಒದ್ದೆ.
"ಈಗ ಹೇಳಿ, ಎಂತ ಮಾಡುದು?"

ಹೇಳಲು ಬಾಯಿ ತೆರೆದೆ.
"ಅಪ್ಪಾ, ನೆಲ ಒದ್ದೆ" ಎಂದಳು ಮಗಳು,
"ಅದು ಗೀಸರಿನದ್ದಲ್ಲ."

ಐದು ದಿನ ಕಳೆದು ಆಸ್ಪತ್ರೆಯಿಂದ ಬಂದಾಗ
ಗೀಸರು ಬಿಂಬುಳಿ ಮರದಡಿ ಮಲಗಿತ್ತು,
ಹೊಟ್ಟೆಯ ಮೇಲೆ ಎರಡು ಹಣ್ಣು ಬಿದ್ದು.
ಗೋಡೆಯಲ್ಲಿ ನಾಲ್ಕು ತೂತು, ಒಂದು ಚೌಕ ಬಿಳಿ;
ಸುತ್ತಲಿನದನ್ನು ಜಲಜಾಕ್ಷಿ ಉಜ್ಜಿ ನೋಡಿದ್ದಾಳೆ, ಸೇರಿಲ್ಲ.
ಬಿಲ್ಲು ಇನ್ನೂ ಫ್ರಿಜ್ಜಿನ ಮೇಲಿದೆ, ಎರಡೂ ಮೊತ್ತದ ಜತೆ.
ಗ್ಯಾಸಿನಲ್ಲಿ ಗಂಜಿಯ ದೊಡ್ಡ ಪಾತ್ರೆ ಕುದಿಯುತ್ತಿದೆ,
ನಾನು ಬಟ್ಟೆ ಹಿಡಿದು ಹೊತ್ತು ತರುತ್ತೇನೆ.

ಕಲ್ಯಾಣಿಯಕ್ಕ ಕಾಲು ಚಾಚಿ ಕೂತಿದ್ದಾಳೆ,
ಕಾಲ ಮೇಲೆ ಎಣ್ಣೆ ಹಚ್ಚಿದ ಕೆಂಪು ಜೀವ.
ಮೊಣಕೈ ಅದ್ದಿ ನೋಡಿ, ನನ್ನತ್ತ ತಿರುಗದೆ,
"ತಣ್ಣೀರು ಒಂದು ಚೊಂಬು" ಎಂದಳು. "ಬೇಗ."