ಎಡಗಾಲಿನ ಬೂಟು

ನಾನು ಬೂಟುಗಳ ಮನುಷ್ಯ.
ಮೂವತ್ತೊಂದು ಚಳಿಗಾಲ ಈ ಕ್ಲಬ್ಬಿನ ನೆಲಮಾಳಿಗೆಯಲ್ಲಿ
ಕೆಸರು ಕೆರೆದಿದ್ದೇನೆ, ಅಡಿಯ ಮೊಳೆ ಬಿಗಿದಿದ್ದೇನೆ.
ಮುಖ ಮರೆತೀತು,
ಹಿಮ್ಮಡಿ ಸವೆದ ಬಗೆ ಮರೆಯುವುದಿಲ್ಲ.

ಜೋರಿ ಪೆನ್ಹೇಲ್ ಬಂದದ್ದು ನವೆಂಬರಿನಲ್ಲಿ,
ಆಯ್ಕೆಪಟ್ಟಿಯ ಐವತ್ತೆರಡನೆಯವ.
ಅವನ ಹೆಸರು ಕೂಗುವ ಹೊತ್ತಿಗೆ
ಟೀವಿಯವರು ಜಾಹೀರಾತಿಗೆ ಹೋಗಿದ್ದರಂತೆ;
ಪಕ್ಕದ ಮನೆಯವರು ಫೋನು ಮಾಡಿ
"ನಿಮ್ಮ ಹುಡುಗನೇ ಅಲ್ಲವೇ?" ಎಂದಾಗಲೇ
ಅಮ್ಮನಿಗೆ ಗೊತ್ತಾದದ್ದು.

"ನಕಾಶೆ ನೋಡಿ, ನಮ್ಮ ಯಾರ್ಕ್ ಸೀಮೆ
ಕಡಲಿಗೆ ಕಾಲು ಚಾಚಿದ ಹಾಗಿದೆ.
ನಾನು ಮೊಣಕಾಲಿನ ಹತ್ತಿರದವ."
ನನ್ನೊಡನೆ ಅವನಾಡಿದ ಮೊದಲ ಮಾತು ಅದು.

ತೊಟ್ಟು ಬಂದದ್ದು ಅಣ್ಣನ ಬೂಟು.
ಬಲಗಾಲಿಗೆ ಸರಿ, ಎಡಗಾಲಿಗೆ ಅರ್ಧ ಅಳತೆ ದೊಡ್ಡದು.
ತುದಿಗೆ ತುರುಕಿದ್ದ ಕಾಗದವನ್ನು ಬಿಡಿಸಿ ಓದಿದೆ:
ಜವೆಗೋಧಿಯ ದರ, ಒಂದು ಸಾವಿನ ಸುದ್ದಿ,
ದೋಣಿ ಮಾರಾಟಕ್ಕಿದೆ.

ಈ ಚೆಂಡಿನ ಗುಣವನ್ನೂ ಹೇಳಬೇಕು.
ಗುಂಡಗಿದ್ದರೆ ನಂಬಬಹುದಿತ್ತು. ಇದಕ್ಕೆ ಎರಡು ತುದಿ;
ನೆಲ ಮುಟ್ಟಿದ್ದೇ ಕೊಟ್ಟ ಮಾತು ಬದಲಿಸುತ್ತದೆ.
ಹಡಗಿಳಿದು ಬಂದ ನನ್ನಪ್ಪ, ಮಾಲ್ಟಾದವನು,
ಮೊದಲ ಸಲ ನೋಡಿ ಇದನ್ನು ಬೀದಿಜಗಳವೆಂದುಕೊಂಡಿದ್ದ.
ನಾಲ್ಕು ಕಂಬ. ನಡುವೆ ತೂರಿದರೆ ಆರು,
ಪಕ್ಕದ ಸಂದಿಯಲ್ಲಿ ಹೋದರೂ ಒಂದು.
ಗುರಿ ತಪ್ಪಿದವನಿಗೂ ಒಂದಂಕ!
ದಯೆಯೋ ಅಣಕವೋ,
ಇಷ್ಟು ವರ್ಷವಾಯಿತು, ನನಗೆ ಬಗೆಹರಿದಿಲ್ಲ.

ಮೊದಲ ವರ್ಷ ಪೂರ್ತಿ ಎರಡನೆಯ ತಂಡ.
ವಿಲಿಯಮ್ಸ್‌ಟೌನಿನ ಕಡಲಗಾಳಿಯಲ್ಲಿ
ಒದ್ದ ಚೆಂಡು ಒದ್ದವನನ್ನೇ ಹುಡುಕಿಕೊಂಡು ಬರುತ್ತಿತ್ತು.
ನೋಡಲು ಒಂದು ನಾಯಿ, ಕಂಬಳಿ ಹೊದ್ದ ಯಾರದೋ ಅಜ್ಜಿ,
ಮಾಂಸದ ಪೈ ಮಾರುವವ.
ಬರ್ಫದ ತೊಟ್ಟಿಯಲ್ಲಿ ಸೊಂಟದವರೆಗೆ ಕೂತು
ಹಲ್ಲು ಕಟಕಟಿಸುತ್ತ ಅಮ್ಮನಿಗೆ ಹೇಳುತ್ತಿದ್ದ:
"ಇಲ್ಲೇನೂ ಚಳಿಯಿಲ್ಲಮ್ಮಾ."

ಎರಡನೆಯ ವರ್ಷ, ಜುಲೈ. ಯಾರಿಗೋ ಜ್ವರ ಬಂತು,
ಇವನಿಗೆ ಮೂವತ್ತೆಂಟನೆಯ ಅಂಗಿ ಸಿಕ್ಕಿತು.
ಮನೆಯವರು ರಾತ್ರಿಯಿಡೀ ಗಾಡಿ ಓಡಿಸಿ ಬಂದರು.
ಚೆಂಡು ಕೈಗೆ ಬಂದದ್ದು ಏಳೇ ಸಲ.
ಏಳನೆಯದನ್ನು ಮೂರು ಜನರ ಹೆಗಲ ಮೇಲಿಂದ ಹಾರಿ ಹಿಡಿದ.
ನಲವತ್ತು ಮೀಟರು. ಗಾಳಿಯಿಲ್ಲ.
ಕಾಲುಚೀಲ ಎಳೆದುಕೊಂಡ, ಹನ್ನೊಂದು ಹೆಜ್ಜೆ ಓಡಿದ.
ಕಂಬಕ್ಕೆ ಬಡಿದ ಸದ್ದು
ಸುರಂಗದ ಬಾಯಲ್ಲಿದ್ದ ನನಗೂ ಕೇಳಿಸಿತು.
ಬಿಳಿಯಂಗಿಯ ತೀರ್ಪುಗಾರ
ಒಂದೇ ಬಾವುಟ ಬೀಸಿದ.

ಆಟ ಮುಗಿದ ಮೇಲೆ ಅಣ್ಣ ಕೆಳಗಿಳಿದು ಬಂದ,
ಒಂದೊಂದೇ ಮೆಟ್ಟಿಲು, ಕಂಬಿ ಹಿಡಿದು.
ಇವನಿಗಿಂತ ಅವನೇ ಚುರುಕಂತೆ,
ಹತ್ತೊಂಬತ್ತಕ್ಕೆ ಮಂಡಿ ಹೋಯಿತಂತೆ.
ಮೇಲಿನ ಹಲಗೆಯಲ್ಲಿದ್ದ ತನ್ನ ಬೂಟನ್ನು ಕಂಡ.
"ಇನ್ನೂ ಎಸೆದಿಲ್ಲವೇ?"
ಎತ್ತಿಕೊಂಡ, ಮೂಸಿದ, ಹೆಬ್ಬೆರಳಿನಿಂದ ಮೊಳೆಗಳನ್ನೆಣಿಸಿದ,
ಇದ್ದಲ್ಲೇ ಇಟ್ಟ.
"ಒಂದಂಕ ಬಂತಲ್ಲ," ಎಂದ. ನಕ್ಕನೋ ಇಲ್ಲವೋ ಕಾಣಲಿಲ್ಲ,
ಆ ಮೂಲೆಯ ದೀಪ ಕೆಟ್ಟು ತಿಂಗಳಾಗಿತ್ತು.

ಸೋಮವಾರ ಪಟ್ಟಿಯಲ್ಲಿ ಹೆಸರಿರಲಿಲ್ಲ.
ಆಗಸ್ಟಿನಲ್ಲಿ ತೊಡೆಯ ಹಿಂದಿನ ಸ್ನಾಯು
ಹಳೆಯ ಬಟ್ಟೆಯಂತೆ ಪರ್ರೆಂದಿತು.
ಸೆಪ್ಟೆಂಬರಿನಲ್ಲಿ ಅವನ ಜೊತೆ ಬಂದಿದ್ದ ನಾಲ್ವರು
ಪೆಟ್ಟಿಗೆ ಕಟ್ಟಿದರು; ಒಬ್ಬ ನನಗೆ ಹೇಳಿ ಹೋದ.
ಇವನಿಗೆ ಮಾತ್ರ ಇನ್ನೊಂದು ವರ್ಷ ಬರೆದುಕೊಟ್ಟರು.
ಬರೇ ಒಂದು.

ಕ್ರಿಸ್‌ಮಸ್ ಕಳೆದು ಬಂದಾಗ ಹೊಸ ಬೂಟು,
ಕಂಪನಿಯವರೇ ಪಾದದ ಅಚ್ಚು ತೆಗೆದು ಹೊಲಿಸಿದ್ದು;
ಎಡಕ್ಕೆ ಎಡ, ಬಲಕ್ಕೆ ಬಲ, ಕೂದಲೆಳೆಯಷ್ಟೂ ಸಡಿಲವಿಲ್ಲ.
ಹಾಕಿಕೊಂಡ, ಬಿಚ್ಚಿದ, ಮತ್ತೆ ಹಾಕಿಕೊಂಡ.
"ಎಡಗಾಲಿಗೆ ಯಾಕೋ ನೆಲ ಸಿಗುತ್ತಿಲ್ಲ.
ಒಂದಿಷ್ಟು ಪೇಪರು ಇದೆಯೇ?"
ಆಟದ ಪುಟ ಹರಿಯಹೋದೆ. ಕೈ ಹಿಡಿದ.
"ಅದು ಬೇಡ. ದರದ ಪುಟ ಕೊಡಿ."

ಮೆಲ್ಬರ್ನಿನ ಪತ್ರಿಕೆಯನ್ನು ಎರಡು ಸಲ ಮಗುಚಿದೆವು, ಇಬ್ಬರೂ.
ಜವೆಗೋಧಿಯ ದರ
ಎಲ್ಲೂ ಇರಲಿಲ್ಲ.