ರಸೀದಿ ನಂಬರ್ ೨೧೭

ಪರಶುರಾಮಸಾ ಮೆಹರವಾಡೆ. ಮಾಲು: ಆಂಪ್ಲಿಫೈಯರ್ ಒಂದು.
ಅಕ್ಷರ ನಂದ. ಪೆನ್ಸಿಲ್ ಮಾಸೇತಿ.

ಆ ಪೆಟ್ಟಿಗಿ ನಾನ ಕಟ್ಟಿದ್ದು,
ದುರ್ಗದಬೈಲಿನ ಈ ಮೂರು ಮೊಳದ ಅಂಗಡ್ಯಾಗ,
ಸತ್ತ ಎರಡು ವಾಲ್ವ್ ರೇಡಿಯೋದ ಕರಳು ತಗದು.
ಗಿಟಾರ್ ರೈಲ್ವೆ ಕಾಲೊನಿದು:
ಆಸ್ಟ್ರೇಲಿಯಾಕ್ಕ ಹೊಂಟ ಗಾರ್ಡ್ ಒಬ್ಬಾಂವ
ಸಾವಜಿ ಖಾನಾವಳಿ ಬಾಕಿಗೆ ಕೊಟ್ಟು ಹೋಗಿದ್ದ.
ಪರ್ಶ್ಯಾನ ಅಪ್ಪ ಅದನ್ನ ಮಸಾಲಿ ಡಬ್ಬಿ ಮ್ಯಾಲ ತೂಗು ಹಾಕಿದ್ದ;
ಕಡೀತನಕ ಅದರ ಹೊಟ್ಟ್ಯಾಗಿನ ಖಾರದ ವಾಸನಿ ಹೋಗಲಿಲ್ಲ.
ಹಳೆ ಟೆಲಿಫೋನಿನ ಅಯಸ್ಕಾಂತಕ್ಕ ತಂತಿ ಸುತ್ತಿ
ಅದಕ್ಕೊಂದು ಕಿವಿ ಮಾಡಿಕೊಟ್ಟೆ.

ಹುಡುಗ ಬೆರಳಿಟ್ಟ ದಿನ
ಮಿರ್ಚಿ ಬಂಡಿಯಾಂವ ಝಾರಿ ಎತ್ತಿದಾಂವ ಇಳಿಸಲಿಲ್ಲ.
ಧಾರವಾಡದಿಂದ ಶ್ರುತಿಪೆಟ್ಟಿಗಿ ರಿಪೇರಿಗೆ ತಂದಿದ್ದ ಬುವಾ
ಕಣ್ಣು ಮುಚ್ಚಿ ಕೇಳಿದರು.
"ಸ್ವರ ಖರೇ ಅದ. ಆದ್ರ ಇಷ್ಟ್ಯಾಕ ಸಿಟ್ಟು?"
ಸಿಟ್ಟಲ್ಲ ಬುವಾ, ಹಸಿವು, ಅಂದೆ.
ಅದೂ ತಪ್ಪಿರಬೇಕು.

ಆಮ್ಯಾಲ ಎಂಜಿನಿಯರಿಂಗ್ ಹುಡುಗೂರ ಫೆಸ್ಟು, ವಾಸ್ಕೋ, ಪುಣೆ,
ಮುಂಬೈದಾಗ ಕ್ಯಾಸೆಟ್ಟು.
ಅದನ್ನ ಅವರವ್ವ ಸೆರಗಿನ್ಯಾಗ ಸುತ್ತಿ ತಂದಳು.
"ಹಾಡಾಂವ ಬ್ಯಾರೆ ಅದಾನಲ್ಲ, ನಮ್ಮ ಪರ್ಶ್ಯಾ ಎಲ್ಲಿ?"
ಆಕಿ ಬೆರಳು ಹಿಡದು ಸ್ಪೀಕರಿನ ಜಾಲರಿ ಮ್ಯಾಲಿಟ್ಟೆ:
ಇಲ್ಲಿ. ನಡುಗತೈತಲ್ಲ, ಇಂವ.

ಹೆಂಗ ಕೆಟ್ಟ ಅಂದರ ಮಂದಿ ಹತ್ತು ಹೇಳತಾರ.
ಪುಡಿ ಅಂತಾರ. ಪುಣೆದ ಹುಡುಗಿ ಅಂತಾರ.
ನಾ ಕಂಡದ್ದಿಷ್ಟು: ಕೇಶ್ವಾಪುರದ ಒಂದು ಮದುವಿ ಆರ್ಕೆಸ್ಟ್ರಾದಾಗ
ಮಂದಿಗೆ ಬೆನ್ನು ಮಾಡಿ ನಿಂತಿದ್ದ.
ಎಡಗೈ ತಂತಿ ಹುಡುಕತಿತ್ತು,
ಕರೆಂಟು ಹೋದ ಮನ್ಯಾಗ ಕಡ್ಡಿಪೆಟ್ಟಿಗಿ ಹುಡುಕಿಧಂಗ.

ಮರುದಿನ ಪೆಟ್ಟಿಗಿ ಹೊತ್ತು ಬಂದ.
"ಮಾಮಾ, ಇದರ ದನಿ ಸತ್ತೈತಿ, ನೋಡು."
ಬಿಚ್ಚಿದೆ. ವಾಲ್ವ್ ಕೆಂಪಗ ಬೆಳಗಿದವು.
ಒಂದು ಬೆಸುಗಿ ಬಿಟ್ಟಿರಲಿಲ್ಲ.
ಮೀಟರಿನ ಮುಳ್ಳು ನಿಲ್ಲಬೇಕಾದಲ್ಲೇ ನಿಂತು
ನನ್ನ ಮಾರಿ ನೋಡತಿತ್ತು.

"ದೊಡ್ಡ ಕೆಲಸ ಐತಿ," ಅಂದೆ. "ಎಂಟು ದಿನ.
ಮುಂಗಡ ಹತ್ತು ರೂಪಾಯಿ ಇಡು."
ಇಟ್ಟ. ಹಗುರಾದ.
ಚಾ ತರಿಸಿ ಎರಡು ಬನ್ನು ತಿಂದ, ನಕ್ಕ ಸೈತ.

ಎಷ್ಟು ಎಂಟು ದಿನ ಆದವೋ.
ದೋಷ ಅನ್ನೋ ಕಲಂ ಇನ್ನೂ ಖಾಲಿ ಐತಿ.
ಈಗ ಅದರ ಮ್ಯಾಲ ಮಂದಿಯ ಮಿಕ್ಸರ್ ಇಡತೇನಿ,
ಸುಟ್ಟ ಮೋಟರು, ಬಾಯಿಬಿಟ್ಟ ಜಾರು.
ಹತ್ತರ ನೋಟು ಮಾತ್ರ ಗಲ್ಲಾಕ್ಕ ಹಾಕಿಲ್ಲ;
ಮಾಡದ ಕೆಲಸದ ರೊಕ್ಕ.