ನೀರು ಹಾಕಿದ ತಾರೀಖುಗಳು

ಶಿಡ್ಲಘಟ್ಟದ ಕಾಲೇಜಿನಲ್ಲಿ ಸ್ಟಾಕು ಎಣಿಸುವ ದಿನ
ಖಾಲಿ ಜಾಡಿಗಳ ಹಿಂದೆ, ಗೋಡೆಗೆ ಬೆನ್ನು ಕೊಟ್ಟು
ಕೂತಿತ್ತು ಅದು. ಕಂದು ಗಾಜು.
ಪಿಕ್ರಿಕ್ ಆಮ್ಲ, ನೂರು ಗ್ರಾಂ.
ಲೇಬಲ್ಲಿನಡಿ ಪ್ಯಾರೇಜಾನರ ಪೆನ್ಸಿಲ್ ಅಕ್ಷರ,
ಬರೀ ತಾರೀಖುಗಳು, ಪಕ್ಕದಲ್ಲಿ
ನೀರು ಹಾಕಿದೆ. ನೀರು ಹಾಕಿದೆ. ನೀರು ಹಾಕಿದೆ.
ಕೊನೆಯದು ಅವರು ನಿವೃತ್ತರಾದ ಮಾರ್ಚಿನದು.
ಅದಾಗಿ ಹನ್ನೊಂದು ಬೇಸಿಗೆ.

ಕೈ ಚಾಚಿದ್ದೆ. ಮುಚ್ಚಳದ ಸುತ್ತಿನಲ್ಲಿ
ಹಳದಿ ಹರಳು ಕಂಡು, ಚಾಚಿದ ಕೈಯನ್ನು
ನನ್ನದಲ್ಲವೆಂಬಂತೆ ಮೆಲ್ಲಗೆ ವಾಪಸು ತಂದೆ.

"ತೇವ ಇದ್ರೆ ಸಾಧು, ತಾಯಿ," ಅನ್ನುತ್ತಿದ್ದರು ಆ ಅಟೆಂಡರು
ಬಿ.ಎಸ್ಸಿ. ಹುಡುಗಿಯಾಗಿದ್ದ ನನಗೆ.
"ಒಣಗಿದ್ರೆ ಮುಂಗೋಪ. ಮುಚ್ಚಳ ತಿರುವಿದ್ದೇ ಅದಕ್ಕೆ ನೆಪ.
ಲೋಹದ ಸಹವಾಸಕ್ಕೆ ಬಿಟ್ರಂತೂ ಇನ್ನೂ ಕೆಟ್ಟುಹೋಗ್ತದೆ.
ನಾಲಿಗೆಗೆ ಕಹಿ, ಹೊಟ್ಟೆಗೆ ವಿಷ,
ಚರ್ಮ ದಾಟಿಯೂ ಒಳಗೆ ಇಳೀತದೆ."
ತೋರಿಸುತ್ತಿದ್ದರು ತಮ್ಮ ಉಗುರು.
ಯಾರ ಮದುವೆಯ ಅರಿಶಿನ ಎಂದು ಬಸ್ಸಿನಲ್ಲಿ ಕೇಳಿದರೆ
ನಕ್ಕು ಮಡಿಸಿಕೊಳ್ಳುತ್ತಿದ್ದ ಬೆರಳು.

ಒಂದು ಸಲ ಅಣ್ಣನ ಫಿಲೇಚರಿನಿಂದ
ಕಚ್ಚಾ ರೇಷ್ಮೆಯ ಲಡಿ ತಂದರು, ಜೊತೆಗೆ ಹತ್ತಿಯ ನೂಲು.
ಎರಡನ್ನೂ ಅದ್ದಿ ನಲ್ಲಿಯಡಿ ಹಿಡಿದರು.
ನೂಲು ಬೆಳ್ಳಗಾಗಿ ಬಂತು. ರೇಷ್ಮೆ
ಹುಚ್ಚೆಳ್ಳು ಹೂವಿನ ಹಳದಿ, ತೊಳೆದಷ್ಟೂ ಹಳದಿ.
"ನೋಡಿ, ಹತ್ತಿಗೆ ಹತ್ತಲ್ಲ.
ಹುಳದ ಮೈಯಿಂದ ಬಂದದ್ದಕ್ಕೆ ಹತ್ತುತ್ತದೆ. ನಮ್ಮ ಮೈಗೂ."

ಬಾಗಿಲು ಹಾಕಿಸಿದೆ.
ನೂರು ಗ್ರಾಂ ತಾನೇ ಎಂದ ಪ್ರಿನ್ಸಿಪಾಲರು
ಎಲ್ಲರಿಗಿಂತ ಮೊದಲು ಮೆಟ್ಟಿಲಿಳಿದರು.
ಬೆಂಗಳೂರಿಂದ ದಪ್ಪ ಅಂಗಿಯ ನಾಲ್ವರು ಬಂದು
ಕಂಠಮಟ್ಟ ತುಂಬಿದ ಎಣ್ಣೆಗಡಿಗೆ ಹೊತ್ತವರ ನಡಿಗೆಯಲ್ಲಿ
ಕೆರೆಯಂಗಳಕ್ಕೆ ಒಯ್ದರು, ಮರಳುಮೂಟೆಗಳ ನಡುವೆ.
ಸದ್ದು ಅಷ್ಟೇನಿಲ್ಲ, ನಿಜ ಹೇಳಬೇಕೆಂದರೆ.
ಹಿಪ್ಪುನೇರಳೆ ತೋಟದಿಂದ ಗೊರವಂಕಗಳೆದ್ದವು.
ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಒಂದು ಗಳಿಗೆ ನಿಂತು
ಮತ್ತೆ ಮೂರು ರೂಪಾಯಿ ಏರಿತಂತೆ.

ರಿಜಿಸ್ಟರಿನ 'ಖರ್ಚಾದ ಬಗೆ' ಕಲಮಿನಲ್ಲಿ
ಗುಮಾಸ್ತರು ಹೇಳಿದ ಹಾಗೆಯೇ ಬರೆದೆ: ನಾಶಪಡಿಸಲಾಯಿತು.

ಸಂಜೆ ಪ್ಯಾರೇಜಾನರು ಫಿಲೇಚರಿನ ಅಂಗಳದಲ್ಲಿದ್ದರು,
ಬೇಯುವ ಗೂಡಿನ ವಾಸನೆಯೊಳಗೆ, ಲೆಕ್ಕದ ಪುಸ್ತಕ ಹಿಡಿದು.
"ಕೆರೆ ಕಡೆ ಸದ್ದಾಯ್ತು. ಅದೇನಾ?"
ಹೂಂ ಅಂದೆ.
"ಚಾರ್ಜು ಕೊಡುವಾಗ ಅದೊಂದು ಹೇಳೋಕೆ ಮರೆತೆ," ಎಂದರು,
ತಮ್ಮ ಉಗುರುಗಳನ್ನೇ ನೋಡುತ್ತ.
ಎಲ್ಲ ಹೊಸದಾಗಿ ಬೆಳೆದಿದ್ದವು, ಬೆಳ್ಳಗೆ.

ಆರು ವರ್ಷದಿಂದ ಆ ಬೀರುವಿನ ಕೀಲಿ
ನನ್ನ ಬಳಿಯೇ ಇದೆ.
ಅದನ್ನು ನಾನೂ ಹೇಳಲಿಲ್ಲ.